ಹಳೇ ಡಿಸ್ಕು, ಹೊಸ ಕಂಪ್ಯೂಟರು: ನಡುವೆ ನಾಲ್ಕು ಬಾಗಿಲು

ನಮ್ಮ ತಾಲೂಕು ಬಸ್ ಸ್ಟ್ಯಾಂಡ್ ಪಕ್ಕದ ಡಿಟಿಪಿ ಅಂಗಡಿ ಕಳೆದ ವರ್ಷ ಬಾಗಿಲು ಹಾಕಿತು. ಲಗ್ನಪತ್ರಿಕೆ, ಕರಪತ್ರ, ಜಾತ್ರೆ ಪೋಸ್ಟರ್ ಎಲ್ಲವೂ ಈಗ ಮೊಬೈಲಲ್ಲೇ ಆಗುತ್ತದೆ. ಅಂಗಡಿ ಖಾಲಿ ಮಾಡುವ ದಿನ ಯಜಮಾನರು ಒಂದು ರಟ್ಟಿನ ಡಬ್ಬ ನನ್ನ ಕೈಗೆ ಕೊಟ್ಟರು. ಒಳಗೆ ನೀಲಿ ಬಣ್ಣದ ಒಂದು ಪೆಟ್ಟಿಗೆ, ಒಂದು ದಪ್ಪ ಕೇಬಲ್, ಫ್ಲಾಪಿಗಿಂತ ತುಸು ದಪ್ಪಗಿದ್ದ ಐದು ಡಿಸ್ಕು.

"ತಗೊಂಡೋಗಪ್ಪ. ನಿಮ್ಮೂರ ಶಾಲೆ ಸಂಚಿಕೆ ಇದ್ರೊಳಗೇ ಐತೆ. ಬಂದ್ರೆ ಬರ್ಲಿ" ಅಂದರು.

ನಮ್ಮೂರ ಶಾಲೆಯ ಸ್ಮರಣ ಸಂಚಿಕೆ 1999ರಲ್ಲಿ ಅಚ್ಚಾಗಿತ್ತು. ಊರಲ್ಲಿ ಈಗ ಉಳಿದಿರುವುದು ಒಂದೇ ಪ್ರತಿ. ಅದನ್ನೂ ಗೆದ್ದಲು ಅರ್ಧ ತಿಂದಿದೆ. ಶಾಲೆಗೆ ಜಾಗ ಕೊಟ್ಟವರ ಹೆಸರಿದ್ದ ಪುಟ, ಕೆರೆ ಕಟ್ಟಿಸಿದ ಕಥೆ ಹೇಳಿದ ಅಜ್ಜಿಯ ಮಾತು ಎರಡೂ ಹೋಗಿವೆ. ಆ ಅಜ್ಜಿಯೂ ಈಗಿಲ್ಲ.

ಡಬ್ಬ ಮನೆಗೆ ತಂದೆ. ನನ್ನ ಲ್ಯಾಪ್‌ಟಾಪನ್ನು ಸುತ್ತಲೂ ತಿರುಗಿಸಿ ನೋಡಿದೆ. ಆ ದಪ್ಪ ಕೇಬಲ್ ಚುಚ್ಚಲು ಜಾಗವೇ ಇಲ್ಲ. ಹಳೆಯ ಡಿಸ್ಕು ಹೊಸ ಕಂಪ್ಯೂಟರಿನಲ್ಲಿ ನಡೆಯುತ್ತದಾ ಎಂಬ ಪ್ರಶ್ನೆ ಅಲ್ಲಿಂದ ಶುರುವಾಯಿತು. ಉತ್ತರ ಹುಡುಕುತ್ತಾ ಹೋದರೆ ಐವತ್ತು ವರ್ಷದ ಇತಿಹಾಸವೇ ಬಿಚ್ಚಿಕೊಂಡಿತು.

ಫ್ಲಾಪಿ ಹುಟ್ಟಿದ್ದು

ಒಂದು ಕಂಪ್ಯೂಟರಿನಿಂದ ಮಾಹಿತಿ ಕಿತ್ತು ಜೇಬಲ್ಲಿಟ್ಟುಕೊಂಡು ಇನ್ನೊಂದಕ್ಕೆ ಹಾಕಬಹುದು ಎಂಬುದು ಜನಸಾಮಾನ್ಯರಿಗೆ ಗೊತ್ತಾಗಿದ್ದು ಫ್ಲಾಪಿಯಿಂದ. ಅಮೆರಿಕದ ಐಬಿಎಂ ಕಂಪನಿ 1971ರಲ್ಲಿ 8 ಇಂಚಿನ ಫ್ಲಾಪಿ ಹೊರತಂದಿತು. ಊಟದ ತಟ್ಟೆಯಷ್ಟು ಅಗಲ, ಹಿಡಿಯುತ್ತಿದ್ದುದು ಸುಮಾರು 80 ಕೆಬಿ. ಇವತ್ತು ವಾಟ್ಸಾಪಿನಲ್ಲಿ ಬರುವ ಒಂದು ಶುಭೋದಯದ ಚಿತ್ರಕ್ಕೂ ಅದು ಸಾಲದು.

1976ರಲ್ಲಿ ಶುಗಾರ್ಟ್ ಅಸೋಸಿಯೇಟ್ಸ್ ಕಂಪನಿ ಅದನ್ನು 5.25 ಇಂಚಿಗೆ ಇಳಿಸಿತು. ಆಮೇಲೆ ಸೋನಿ ಕಂಪನಿಯ 3.5 ಇಂಚಿನ ಗಟ್ಟಿ ಕವಚದ ಫ್ಲಾಪಿ ಬಂತು. 1987ರ ಹೊತ್ತಿಗೆ ಅದರಲ್ಲಿ 1.44 ಎಂಬಿ ತುಂಬಲು ಬಂತು. ನಮ್ಮಲ್ಲಿ ಫ್ಲಾಪಿ ಎಂದರೆ ನೆನಪಾಗುವುದು ಇದೇ. ಇವತ್ತಿಗೂ ಕಂಪ್ಯೂಟರಿನಲ್ಲಿ 'ಸೇವ್' ಮಾಡುವ ಗುರುತಾಗಿ ಇದರ ಚಿತ್ರವೇ ಇದೆ. ಆ ಗುರುತು ಒತ್ತುವ ಎಷ್ಟೋ ಮಕ್ಕಳು ಫ್ಲಾಪಿಯನ್ನು ಕಣ್ಣಲ್ಲಿ ಕಂಡಿಲ್ಲ.

ತೊಂದರೆಯೂ ಆಗಲೇ ಹುಟ್ಟಿತು. 8 ಇಂಚಿನದು 5.25ರ ಪೆಟ್ಟಿಗೆಗೆ ಹೋಗದು, 5.25ರದು 3.5ಕ್ಕೆ ಹೋಗದು. ಅಳತೆ ಒಂದೇ ಆದರೂ ಸಾಲದು. ಆಪಲ್ ಕಂಪನಿಯ ಹಳೆಯ ಮ್ಯಾಕಿಂಟೋಶ್‌ಗಳಲ್ಲಿ ಬರೆದ 400 ಕೆಬಿ, 800 ಕೆಬಿ ಫ್ಲಾಪಿಗಳೂ 3.5 ಇಂಚಿನವೇ. ಆದರೆ ಅವುಗಳ ಡ್ರೈವ್ ಹೊರಸುತ್ತಿಗೆ ಒಂದು ವೇಗ, ಒಳಸುತ್ತಿಗೆ ಇನ್ನೊಂದು ವೇಗದಲ್ಲಿ ಡಿಸ್ಕು ತಿರುಗಿಸುತ್ತಿತ್ತು. ಈಗ ಆನ್‌ಲೈನಲ್ಲಿ ಸಿಗುವ ಯುಎಸ್‌ಬಿ ಫ್ಲಾಪಿ ಡ್ರೈವ್ ಒಂದೇ ವೇಗದಲ್ಲಿ ತಿರುಗುತ್ತದೆ. ಹಾಗಾಗಿ ಆ ಫ್ಲಾಪಿ ಸಲೀಸಾಗಿ ಒಳಗೆ ಹೋಗುತ್ತದೆ, ಓದಲು ಮಾತ್ರ ಬರುವುದಿಲ್ಲ.

ನೀಲಿ ಪೆಟ್ಟಿಗೆಯ ಕಾಲ

ನನ್ನ ಡಬ್ಬದಲ್ಲಿದ್ದುದು ಜಿಪ್ ಡ್ರೈವ್. ಅಮೆರಿಕದ ಯೂಟಾ ರಾಜ್ಯದ ಐಒಮೆಗಾ ಕಂಪನಿ ಇದನ್ನು 1995ರಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಒಂದು ಡಿಸ್ಕಿಗೆ 100 ಎಂಬಿ, ಅಂದರೆ ಸುಮಾರು 70 ಫ್ಲಾಪಿಗಳ ಸರಕು. ಡ್ರೈವ್‌ಗೆ ಅಲ್ಲಿ ಸುಮಾರು 200 ಡಾಲರ್, ಡಿಸ್ಕಿಗೆ ಸುಮಾರು 20 ಡಾಲರ್.

ಡಿಟಿಪಿಯವರಿಗೆ ಇದು ವರವಾಗಿ ಬಂತು. ಫೋಟೋ ತುಂಬಿದ ನಾಲ್ಕು ಪುಟದ ಕೆಲಸ ಫ್ಲಾಪಿಗೆ ಹಿಡಿಯುತ್ತಿರಲಿಲ್ಲ. ತುಂಡು ಮಾಡಿ ಹತ್ತು ಫ್ಲಾಪಿಗೆ ಹಾಕಿಕೊಂಡು ಪ್ರೆಸ್ಸಿಗೆ ಹೋದರೆ ಎಂಟನೆಯದು ಕೈಕೊಡುತ್ತಿತ್ತು. ಆಗ ವಾಪಸ್ ಬಸ್ ಹತ್ತಬೇಕು. ನಮ್ಮ ಯಜಮಾನರು ಜಿಪ್ ಡಿಸ್ಕನ್ನು ಅಂಗಿ ಜೇಬಲ್ಲಿಟ್ಟುಕೊಂಡು ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುತ್ತಿದ್ದರಂತೆ.

ಮುಂದೆ ಜಿಪ್‌ನಲ್ಲಿ 250 ಎಂಬಿಯದು ಬಂತು, 2002ರಲ್ಲಿ 750 ಎಂಬಿಯದು ಬಂತು. ಇಲ್ಲಿ ಒಂದು ಸೂಕ್ಷ್ಮವಿದೆ. 100ರ ಡ್ರೈವ್‌ಗೆ 250ರ ಡಿಸ್ಕು ಓದಲು ಬಾರದು. 250ರ ಡ್ರೈವ್ 100ರ ಡಿಸ್ಕನ್ನು ಓದುತ್ತದೆ, ಬರೆಯುತ್ತದೆ, ಬರೆಯುವುದು ಬಲು ನಿಧಾನ. 750ರ ಡ್ರೈವ್ 100ರ ಡಿಸ್ಕನ್ನು ಓದುತ್ತದೆ, ಬರೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಡ್ರೈವ್ ಕೊಳ್ಳುವವರು ಮೊದಲು ಕೈಲಿರುವ ಡಿಸ್ಕಿನ ಮೇಲೆ ಯಾವ ಅಂಕಿ ಇದೆ ಎಂದು ನೋಡಬೇಕು.

ಜಿಪ್‌ಗೆ ಕೆಟ್ಟ ಹೆಸರೂ ಇದೆ. ಕೆಲವು ಡ್ರೈವ್‌ಗಳು ಇದ್ದಕ್ಕಿದ್ದಂತೆ 'ಟಕ್ ಟಕ್' ಎಂದು ಸದ್ದು ಮಾಡಿ ಸಾಯುತ್ತಿದ್ದವು. ಬಳಸುವವರು ಅದನ್ನು 'ಸಾವಿನ ಟಕ್' ಎಂದೇ ಕರೆದರು. ಓದುವ ತಲೆ ದಾರಿ ತಪ್ಪಿ, ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಬರುವ ಸದ್ದು ಅದು. ತಲೆ ಹಾಳಾದ ಡ್ರೈವ್ ಡಿಸ್ಕಿನ ಅಂಚನ್ನು ಹರಿಯಬಹುದು. ಹರಿದ ಡಿಸ್ಕನ್ನು ಒಳ್ಳೆಯ ಡ್ರೈವ್‌ಗೆ ಹಾಕಿದರೆ ಅದರ ತಲೆಯೂ ಹಾಳು. ಕುರಿ ಮಂದೆಯ ರೋಗದ ಹಾಗೆ ಒಂದರಿಂದ ಒಂದಕ್ಕೆ. 1998ರಲ್ಲಿ ಬಳಕೆದಾರರು ಕಂಪನಿಯ ಮೇಲೆ ಅಮೆರಿಕದಲ್ಲಿ ಸಾಮೂಹಿಕ ಮೊಕದ್ದಮೆ ಹೂಡಿದರು.

ಮೊದಲ ಬಾಗಿಲು: ತೂತು

ಹಳೆಯದು ಹೊಸದಕ್ಕೆ ಕೂಡಬೇಕಾದರೆ ನಾಲ್ಕು ಬಾಗಿಲು ದಾಟಬೇಕು. ಮೊದಲನೆಯದು ಕಣ್ಣಿಗೆ ಕಾಣುವುದು, ಅಂದರೆ ಕೇಬಲ್ ಚುಚ್ಚುವ ತೂತು.

1981ರಲ್ಲಿ ಬಂದ ಐಬಿಎಂ ಪಿಸಿಗೆ ಪ್ರಿಂಟರ್ ಜೋಡಿಸಲು 25 ಕಂಡಿಯ ಪ್ಯಾರಲಲ್ ಪೋರ್ಟ್ ಇತ್ತು. ಮುಂದೆ ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರಿಗೂ ಅದು ಬಂತು. ಜಿಪ್ ಡ್ರೈವ್ ತಯಾರಿಸಿದವರು ಬುದ್ಧಿ ಉಪಯೋಗಿಸಿ ಆ ಪ್ರಿಂಟರ್ ತೂತಿಗೇ ತಮ್ಮ ಪೆಟ್ಟಿಗೆ ಜೋಡಿಸಿದರು. ಪ್ರಿಂಟರನ್ನು ಪೆಟ್ಟಿಗೆಯ ಹಿಂದೆ ಚುಚ್ಚಿಕೊಳ್ಳಬಹುದಿತ್ತು. ಮ್ಯಾಕಿಂಟೋಶ್‌ಗೆ ಬೇರೆ, ಸ್ಕಸಿ ಎಂಬ ತೂತು. ಇದರ ಬೇರೂ ಫ್ಲಾಪಿ ಮಾಡಿದ ಆ ಶುಗಾರ್ಟ್ ಕಂಪನಿಯಲ್ಲೇ ಇದೆ. 1986ರಲ್ಲಿ ಅದು ಅಧಿಕೃತ ಮಾನಕವಾಯಿತು. ಕಂಪ್ಯೂಟರಿನ ಒಳಗೇ ಕೂರುವ ಐಡಿಇ ಜಿಪ್ ಬೇರೆ.

ಪ್ರಿಂಟರಿಗೆ ಒಂದು, ಮೌಸಿಗೆ ಒಂದು, ಕೀಬೋರ್ಡಿಗೆ ಒಂದು, ಹೀಗೆ ತೂತುಗಳ ಜಾತ್ರೆ. ಇದನ್ನು ಒಂದು ಮಾಡಬೇಕೆಂದು ಹಟ ಹಿಡಿದವರಲ್ಲಿ ನಮ್ಮ ದೇಶದವರೊಬ್ಬರಿದ್ದಾರೆ. ಗುಜರಾತಿನ ವಡೋದರಾದಲ್ಲಿ ಓದಿ ಇಂಟೆಲ್ ಕಂಪನಿ ಸೇರಿದ ಅಜಯ್ ಭಟ್. ಮನೆಯಲ್ಲಿ ಪ್ರಿಂಟರ್ ಜೋಡಿಸಲು ಪಟ್ಟ ಪಾಡಿನಿಂದಲೇ ಈ ಯೋಚನೆ ಬಲವಾಯಿತೆಂದು ಅವರು ಹೇಳಿಕೊಂಡಿದ್ದಾರೆ. ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ ಸೇರಿ ಏಳು ಕಂಪನಿಗಳು ಕೂಡಿ ಕೆಲಸ ಮಾಡಿ, 1996ರ ಜನವರಿಯಲ್ಲಿ ಯುಎಸ್‌ಬಿಯ ಮೊದಲ ಆವೃತ್ತಿ ಹೊರಬಂತು.

ಎರಡು ವರ್ಷ ಅದನ್ನು ಯಾರೂ ಅಷ್ಟಾಗಿ ಕೇಳಲಿಲ್ಲ. 1998ರ ಆಗಸ್ಟ್‌ನಲ್ಲಿ ಆಪಲ್ ಐಮ್ಯಾಕ್ ತಂದಿತು. ಅದರಲ್ಲಿ ಫ್ಲಾಪಿ ಡ್ರೈವೇ ಇರಲಿಲ್ಲ, ಹಳೆಯ ತೂತುಗಳೂ ಇರಲಿಲ್ಲ. ಜನ ಬೈದರು. ಆದರೆ ಅಲ್ಲಿಂದ ಯುಎಸ್‌ಬಿ ಸಾಮಾನುಗಳು ತುಂಬಿಕೊಂಡವು. 2000ದ ಇಸವಿಯಲ್ಲಿ ಪೆನ್ ಡ್ರೈವ್ ಮಾರಾಟಕ್ಕೆ ಬಂತು. ಐಬಿಎಂ ಮಾರಿದ ಮೊದಲಿನದು 8 ಎಂಬಿ. ಅಲ್ಲಿಗೆ ಫ್ಲಾಪಿ ಮತ್ತು ಜಿಪ್ ಎರಡರ ಕಾಲವೂ ಮುಗಿಯುತ್ತಾ ಬಂತು. ಸೋನಿ 2011ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಫ್ಲಾಪಿ ಮಾರಾಟ ನಿಲ್ಲಿಸಿತು.

ಯುಎಸ್‌ಬಿಯ ದೊಡ್ಡ ಗುಣ ಒಂದಿದೆ, ಅದು ಹಳಬರನ್ನು ಬಿಟ್ಟುಕೊಡುವುದಿಲ್ಲ. 1999ರ ಯುಎಸ್‌ಬಿ ಸಾಮಾನನ್ನು ಇವತ್ತಿನ ತೂತಿಗೆ ಚುಚ್ಚಬಹುದು. ಹೊಸ ಸಿ ಮಾದರಿಯ ತೂತಾದರೆ ಚಿಕ್ಕ ಅಡಾಪ್ಟರ್ ಸಾಕು. ಆದ್ದರಿಂದ ಯುಎಸ್‌ಬಿಯ ಜಿಪ್ ಡ್ರೈವ್ ಸಿಕ್ಕಿದರೆ ಅರ್ಧ ಕೆಲಸ ಆದ ಹಾಗೆ.

ನನ್ನದು ಪ್ಯಾರಲಲ್. ಆನ್‌ಲೈನಲ್ಲಿ ಯುಎಸ್‌ಬಿಯಿಂದ ಪ್ಯಾರಲಲ್‌ಗೆ ಹೋಗುವ ಕೇಬಲ್ ಕಂಡಿತು. ಖುಷಿಯಿಂದ ತರಿಸಿದೆ, ಚುಚ್ಚಿದೆ. ಏನೂ ಆಗಲಿಲ್ಲ. ಆಮೇಲೆ ತಿಳಿಯಿತು, ಆ ಕೇಬಲ್‌ಗೆ ಬರುವುದು ಪ್ರಿಂಟರ್ ಭಾಷೆ ಮಾತ್ರ. ಜಿಪ್ ಅದೇ ತೂತಿನಲ್ಲಿ ಬೇರೆ ಭಾಷೆ ಆಡುತ್ತದೆ. ತೂತಿನ ಆಕಾರ ಹೊಂದಿತು ಎಂದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ನನ್ನ ದುಡ್ಡು ಹೋಗಿ ಕಲಿತ ಪಾಠ ಇದು, ನಿಮ್ಮದು ಹೋಗದಿರಲಿ.

ಎರಡನೆಯ ಬಾಗಿಲು: ಡ್ರೈವರ್

ಡ್ರೈವರ್ ಎಂದರೆ ಸಾಮಾನಿಗೂ ಕಂಪ್ಯೂಟರಿಗೂ ನಡುವೆ ನಿಂತು ಮಾತು ತಿಳಿಸುವ ದುಭಾಷಿ. ಸಾಮಾನು ಸರಿ ಇದ್ದರೂ ದುಭಾಷಿ ಇಲ್ಲದಿದ್ದರೆ ಕಂಪ್ಯೂಟರಿಗೆ ಅದು ಮೂಕ. ವಿಂಡೋಸ್ 98ರಲ್ಲಿ ಪೆನ್ ಡ್ರೈವ್ ಹಾಕಿದರೂ ಸಿಡಿಯಿಂದ ಡ್ರೈವರ್ ಹಾಕಬೇಕಿತ್ತು, ಹಳಬರಿಗೆ ನೆನಪಿರಬಹುದು. ಮುಂದಿನ ವಿಂಡೋಸ್‌ಗಳಲ್ಲಿ ಡಿಸ್ಕುಗಳಿಗೆಲ್ಲ ಒಂದು ಸಾಮಾನ್ಯ ದುಭಾಷಿ ಒಳಗೇ ಬಂತು. ಯುಎಸ್‌ಬಿ ಜಿಪ್, ಯುಎಸ್‌ಬಿ ಫ್ಲಾಪಿಗಳು ಇವತ್ತಿನ ವಿಂಡೋಸ್‌ನಲ್ಲೂ ಸಾಮಾನ್ಯವಾಗಿ ನಡೆಯುವುದು ಇದರಿಂದಲೇ.

ಪ್ಯಾರಲಲ್ ಜಿಪ್‌ಗೆ ಆ ಭಾಗ್ಯ ಇಲ್ಲ. ಆದರೆ ಲಿನಕ್ಸ್ ಅದಕ್ಕೆ ಎರಡು ಡ್ರೈವರ್ ಇಟ್ಟುಕೊಂಡಿತ್ತು, ಮೊದಲಿನ ಮಾದರಿಗೆ 'ಪಿಪಿಎ', ನಂತರದ ಮಾದರಿಗೆ 'ಐಎಂಎಂ'. ಗೆಳೆಯನ ರಿಪೇರಿ ಅಂಗಡಿಯ ಮೂಲೆಯಲ್ಲಿ ಪ್ಯಾರಲಲ್ ತೂತಿದ್ದ ಹಳೆಯ ಡೆಸ್ಕ್‌ಟಾಪ್ ಒಂದಿತ್ತು. ಅದಕ್ಕೆ ಲಿನಕ್ಸ್ ಹಾಕಿದೆವು. ಆ ಕಂಪ್ಯೂಟರಿಗೆ ಯುಎಸ್‌ಬಿ ತೂತೂ ಇದ್ದುದರಿಂದ ಜಿಪ್‌ನಿಂದ ತೆಗೆದು ಪೆನ್ ಡ್ರೈವ್‌ಗೆ ಹಾಕಿಕೊಳ್ಳುವ ದಾರಿ ಸಿಕ್ಕಿತು. ಹಳೆಯ ಕಾಲಕ್ಕೂ ಹೊಸ ಕಾಲಕ್ಕೂ ನಡುವೆ ನಿಂತ ಇಂಥ ಯಂತ್ರವನ್ನು ಗುಜರಿಗೆ ಹಾಕಬೇಡಿ.

ಮೂರನೆಯ ಬಾಗಿಲು: ಜೋಡಿಸಿಟ್ಟ ಬಗೆ

ಡಿಸ್ಕಿನೊಳಗೆ ಫೈಲುಗಳನ್ನು ಜೋಡಿಸಿಡುವುದಕ್ಕೂ ಒಂದು ಕ್ರಮ ಇದೆ. ವಿಂಡೋಸ್‌ನ ಹಳೆಯ ಕ್ರಮ ಫ್ಯಾಟ್. ಅದನ್ನು ಇವತ್ತಿಗೂ ಎಲ್ಲ ಕಂಪ್ಯೂಟರುಗಳೂ ಓದುತ್ತವೆ. ಮ್ಯಾಕ್‌ನ ಹಳೆಯ ಕ್ರಮ ಎಚ್‌ಎಫ್‌ಎಸ್. ಅದನ್ನು ಆಪಲ್ 2009ರಲ್ಲಿ ಓದಲಷ್ಟೇ ಬರುವಂತೆ ಮಾಡಿತು, 2019ರಲ್ಲಿ ಪೂರ್ತಿ ಕೈಬಿಟ್ಟಿತು. ತನ್ನದೇ ಹಳೆಯ ಡಿಸ್ಕನ್ನು ತಾನೇ ಓದದ ಹಾಗಾಯಿತು.

ಇಲ್ಲೊಂದು ಅಪಾಯ ಇದೆ. ಕ್ರಮ ಅರ್ಥವಾಗದಿದ್ದರೆ ವಿಂಡೋಸ್ 'ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲೇ?' ಎಂದು ಕೇಳುತ್ತದೆ. ಗಾಬರಿಯಲ್ಲಿ ಹೂಂ ಅಂದರೆ ಇಪ್ಪತ್ತೈದು ವರ್ಷದ ಸರಕು ಹೋಯಿತು. ಡಿಸ್ಕು ಕೆಟ್ಟಿದೆ ಎಂದು ಅದರ ಅರ್ಥವಲ್ಲ, ಕಂಪ್ಯೂಟರಿಗೆ ಅದು ತಿಳಿಯಲಿಲ್ಲ ಅಷ್ಟೆ. ಯಾವತ್ತೂ 'ಬೇಡ' ಒತ್ತಿ.

ಒಂಬೈನೂರು ವರ್ಷ ಬಾಳಿದ ಪುಸ್ತಕ, ಹದಿನಾರಕ್ಕೇ ಸುಸ್ತಾದ ಡಿಸ್ಕು

ಈ ಬಾಗಿಲುಗಳು ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಕಥೆಯೊಂದನ್ನು ಪ್ರತಿ ಊರಿನವರೂ ಕೇಳಬೇಕು.

1086ರಲ್ಲಿ ಅಲ್ಲಿನ ರಾಜ ಒಂದನೆಯ ವಿಲಿಯಂ ತನ್ನ ರಾಜ್ಯದ ಭೂಮಿ, ಎತ್ತು, ಗಿರಣಿ, ಒಡೆಯರು ಎಲ್ಲದರ ಲೆಕ್ಕ ಬರೆಸಿದ. ಡೂಮ್ಸ್‌ಡೇ ಬುಕ್ ಎಂದು ಅದರ ಹೆಸರು. ಚರ್ಮದ ಹಾಳೆಯ ಮೇಲೆ ಕೈಯಲ್ಲಿ ಬರೆದ ಆ ಪುಸ್ತಕ ಇವತ್ತಿಗೂ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಇದೆ, ಓದಲೂ ಬರುತ್ತದೆ.

ಅದಕ್ಕೆ 900 ವರ್ಷ ತುಂಬಿದ 1986ರಲ್ಲಿ ಬಿಬಿಸಿ ಹೊಸ ಡೂಮ್ಸ್‌ಡೇ ಮಾಡಿತು. ದೇಶವನ್ನು 4 ಕಿಲೋಮೀಟರ್ ಉದ್ದ, 3 ಕಿಲೋಮೀಟರ್ ಅಗಲದ ತುಂಡುಗಳಾಗಿ ಮಾಡಿ, ಆಯಾ ಊರಿನ ಶಾಲಾ ಮಕ್ಕಳ ಕೈಲಿ ತಮ್ಮ ಊರಿನ ಬಗ್ಗೆ ಬರೆಸಿದರು. ಏನು ಬೆಳೆಯುತ್ತಾರೆ, ಅಂಗಡಿ ಎಷ್ಟಿವೆ, ಸಂಜೆ ಏನು ಆಡುತ್ತಾರೆ ಎಂಬುದೆಲ್ಲ ಸೇರಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಕೈಜೋಡಿಸಿದರೆಂದು ಹೇಳುತ್ತಾರೆ. ಎಲ್ಲವನ್ನೂ ದೊಡ್ಡ ಲೇಸರ್ ಡಿಸ್ಕುಗಳಲ್ಲಿ ತುಂಬಿದರು. ಓದಲು ಫಿಲಿಪ್ಸ್ ಕಂಪನಿಯ ವಿಶೇಷ ಪ್ಲೇಯರ್, ಅದಕ್ಕೆ ಬಿಬಿಸಿ ಮಾಸ್ಟರ್ ಎಂಬ ಕಂಪ್ಯೂಟರ್. ಒಂದು ಜೋಡಿಗೆ ಸುಮಾರು 5,000 ಪೌಂಡ್. ಬರೆದ ಮಕ್ಕಳ ಶಾಲೆಗಳೇ ಅದನ್ನು ಕೊಳ್ಳಲಾಗಲಿಲ್ಲ.

2002ರ ಹೊತ್ತಿಗೆ ಆ ಪ್ಲೇಯರ್‌ಗಳು ಅಪರೂಪವಾಗಿದ್ದವು. ಡಿಸ್ಕು ಚೆನ್ನಾಗಿತ್ತು, ಓದುವ ಯಂತ್ರ ಸಾಯುತ್ತಿತ್ತು. ಆಗ ಇಂಗ್ಲೆಂಡಿನ ಲೀಡ್ಸ್ ಮತ್ತು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು ಕೂಡಿ, ಹೊಸ ಕಂಪ್ಯೂಟರ್ ಹಳೆಯದರಂತೆ ನಟಿಸುವ ತಂತ್ರಾಂಶ ಬರೆದು ಅದನ್ನು ತೋರಿಸಿದರು. 2011ರಲ್ಲಿ ಬಿಬಿಸಿ ಮಕ್ಕಳ ಬರಹಗಳನ್ನು ಇಂಟರ್ನೆಟ್ಟಿಗೆ ಹಾಕಿತು. ಬರೆದವರು ಆಗಲೇ ಮಕ್ಕಳ ತಂದೆತಾಯಿ ಆಗುವ ವಯಸ್ಸಿಗೆ ಬಂದಿದ್ದರು.

ದೊಡ್ಡ ಸರ್ಕಾರಗಳಿಗೂ ಇದು ತಪ್ಪಿದ್ದಲ್ಲ. ಅಮೆರಿಕದ ಅಣ್ವಸ್ತ್ರ ಪಡೆಯ ಒಂದು ಸಂದೇಶ ವ್ಯವಸ್ಥೆ 8 ಇಂಚಿನ ಫ್ಲಾಪಿಯಲ್ಲೇ ನಡೆಯುತ್ತಿದೆ ಎಂದು 2016ರಲ್ಲಿ ಅಲ್ಲಿನ ಲೆಕ್ಕಪರಿಶೋಧಕರು ಬರೆದರು. 2019ರಲ್ಲಿ ಅದನ್ನು ಬದಲಿಸಿದರು. ಸರ್ಕಾರಿ ಅರ್ಜಿಗೆ ಫ್ಲಾಪಿ ಕೊಡಬೇಕೆಂಬ ಸಾವಿರಕ್ಕೂ ಹೆಚ್ಚು ನಿಯಮಗಳನ್ನು ಜಪಾನ್ ಪೂರ್ತಿ ತೆಗೆದದ್ದು 2024ರಲ್ಲಿ.

ನಾಲ್ಕನೆಯ ಬಾಗಿಲು: ಅಕ್ಷರ

ಇಂಗ್ಲಿಷಿನವರಿಗೆ ಮೂರು ಬಾಗಿಲು ದಾಟಿದರೆ ಬಹುಪಾಲು ಸಾಕು. ಕನ್ನಡದವರಿಗೆ ಇನ್ನೂ ಒಂದಿದೆ.

ಆಗಿನ ಡಿಟಿಪಿ ಅಂಗಡಿಗಳಲ್ಲಿ ಕನ್ನಡ ಎಂದರೆ ಶ್ರೀಲಿಪಿ, ಬರಹ, ನುಡಿಯಂಥ ತಂತ್ರಾಂಶಗಳು. ಕಂಪ್ಯೂಟರಿಗೆ ಆಗ ಕನ್ನಡ ಗೊತ್ತಿರಲಿಲ್ಲ. ಅದರ ಪಾಲಿಗೆ ಅದು ಇಂಗ್ಲಿಷ್ ಅಕ್ಷರವೇ. ಫಾಂಟು ಮಾತ್ರ ಆ ಜಾಗದಲ್ಲಿ 'ಕ'ದ ಚಿತ್ರ, 'ಕೊಂಬು', 'ಒತ್ತು' ತೋರಿಸುತ್ತಿತ್ತು. ಎಲ್ಲ ತಂತ್ರಾಂಶಗಳೂ ಒಂದೇ ಜಾಗಕ್ಕೆ ಒಂದೇ ಚಿತ್ರ ಇಟ್ಟಿರಲಿಲ್ಲ. ಅದಕ್ಕೇ ಒಂದು ಅಂಗಡಿಯ ಫೈಲು ಇನ್ನೊಂದು ಅಂಗಡಿಯಲ್ಲಿ ತೆರೆಯುತ್ತಿರಲಿಲ್ಲ.

ಯುನಿಕೋಡ್ ಎಂಬ ಜಾಗತಿಕ ಕ್ರಮದಲ್ಲಿ ಕನ್ನಡಕ್ಕೆ ತನ್ನದೇ ಜಾಗ 1991ರಲ್ಲೇ ಸಿಕ್ಕಿತ್ತು. ಆದರೆ ವಿಂಡೋಸ್ ಅದನ್ನು ಸರಿಯಾಗಿ ತೋರಿಸಲು 2001ರ ಎಕ್ಸ್‌ಪಿ ಬರಬೇಕಾಯಿತು. ತುಂಗಾ ಎಂಬ ಕನ್ನಡ ಫಾಂಟು ಅದರ ಜೊತೆಗೇ ಬಂತು. ನಮ್ಮ ಸಂಚಿಕೆ 1999ರದು.

ಹಳೆಯ ಡೆಸ್ಕ್‌ಟಾಪಿಗೆ ಜಿಪ್ ಜೋಡಿಸಿದ ದಿನ ಮೊದಲು ಐದೂ ಡಿಸ್ಕುಗಳ ತಗಡಿನ ಮುಚ್ಚಳ ಸರಿಸಿ ಅಂಚು ನೋಡಿದೆವು. ಒಂದರ ಅಂಚು ಹರಿದಿತ್ತು, ಅದನ್ನು ಹಾಕಲೇ ಇಲ್ಲ. ಬೇಡದ ಸರಕಿದ್ದ ಒಂದನ್ನು ಮೊದಲು ಹಾಕಿ ಟಕ್ ಸದ್ದು ಬರುತ್ತದಾ ಎಂದು ಕಿವಿಗೊಟ್ಟೆವು. ಬರಲಿಲ್ಲ. ಉಳಿದವುಗಳಲ್ಲಿ ಎರಡು ಪೂರ್ತಿ ಬಂದವು, ಒಂದು ಅರ್ಧಕ್ಕೆ ನಿಂತಿತು.

ಸಂಚಿಕೆ ಬಂದವುಗಳಲ್ಲೇ ಇತ್ತು. ಪುಟ ಕಟ್ಟಿದ್ದ ಪೇಜ್‌ಮೇಕರ್ ಫೈಲನ್ನು ಈಗಿನ ತಂತ್ರಾಂಶ ತೆರೆಯಲಿಲ್ಲ. ಟೈಪ್ ಮಾಡಿಟ್ಟ ಬರಹದ ಫೈಲು ಬೇರೆ ಇತ್ತು. ತೆರೆದರೆ ಇಂಗ್ಲಿಷ್ ಅಕ್ಷರ, ಚುಕ್ಕೆ, ಪೌಂಡ್ ಗುರುತು ಎಲ್ಲ ಕಲಸಿದ ಚಿತ್ರಾನ್ನ. ಹಳೆಯ ಫಾಂಟಿನ ಬರಹವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಅದನ್ನು ಹಾಕಿದೆ. ಸಾಲು ಸಾಲಾಗಿ ಕನ್ನಡ ಎದ್ದು ಬಂತು. ಅರ್ಕಾವೊತ್ತು ಅಲ್ಲಲ್ಲಿ ತಪ್ಪಿತ್ತು, 'ಧರ್ಮ' 'ಧಮ' ಆಗಿತ್ತು. ಕೂತು ತಿದ್ದಿದೆವು. ಜಾಗ ಕೊಟ್ಟವರ ಹೆಸರುಗಳಿದ್ದವು. ಅಜ್ಜಿಯ ಕೆರೆ ಕಥೆಯೂ ಇತ್ತು.

ನಿಮ್ಮ ಮನೆಯಲ್ಲೂ ಇದ್ದರೆ

ಅಟ್ಟದ ಮೇಲೆ ಫ್ಲಾಪಿ, ಜಿಪ್, ಸಿಡಿ, ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಏನನ್ನೂ ಕೊಳ್ಳುವ ಮೊದಲು ಈ ಕ್ರಮದಲ್ಲಿ ನೋಡಿ.

ಮೊದಲು ಡಿಸ್ಕಿನ ಮೇಲಿನ ಅಂಕಿ ಮತ್ತು ಅಳತೆ. 3.5 ಇಂಚಿನ 1.44 ಎಂಬಿ ಫ್ಲಾಪಿಗೆ ಯುಎಸ್‌ಬಿ ಡ್ರೈವ್ ಸಾಕು. 5.25 ಇಂಚಿನದಕ್ಕೆ ಹಳೆಯ ಡ್ರೈವ್ ಹುಡುಕಿ, ಗ್ರೀಸ್‌ವೀಸಲ್‌ನಂಥ ಚಿಕ್ಕ ಬೋರ್ಡಿನ ಮೂಲಕ ಯುಎಸ್‌ಬಿಗೆ ಜೋಡಿಸಬೇಕು. ಸಿಡಿಗೆ ಯುಎಸ್‌ಬಿ ಡಿವಿಡಿ ಡ್ರೈವ್, ಹಳೆಯ ಐಡಿಇ ಹಾರ್ಡ್ ಡಿಸ್ಕ್‌ಗೆ ಯುಎಸ್‌ಬಿ ಅಡಾಪ್ಟರ್ ಸಿಗುತ್ತದೆ.

ಎರಡನೆಯದು, ಕರೆಂಟು. ಹಳೆಯ ಡ್ರೈವ್‌ಗೆ ಕೈಗೆ ಸಿಕ್ಕ ಚಾರ್ಜರ್ ಚುಚ್ಚಬೇಡಿ. ಪೆಟ್ಟಿಗೆಯ ಮೇಲಿನ ವೋಲ್ಟ್ ಹಾಗೂ ಪ್ಲಸ್ ಮೈನಸ್ ಗುರುತು ಹೊಂದಬೇಕು.

ಮೂರನೆಯದು, ಬರೆಯದಂತೆ ತಡೆ. 3.5 ಇಂಚಿನ ಫ್ಲಾಪಿಯ ಮೂಲೆಯ ಚಿಕ್ಕ ಗುಂಡಿ ಸರಿಸಿ ಕಂಡಿ ತೆರೆದಿಟ್ಟರೆ ಯಾರೂ ಅದರ ಮೇಲೆ ಬರೆಯಲಾರರು. ಜಿಪ್‌ಗೆ ಅಂಥ ಗುಂಡಿ ಇಲ್ಲ, ಹುಷಾರು.

ಕೊನೆಯದು, ಡಿಸ್ಕು ಓದಿತೆಂದರೆ ಫೈಲು ತೆರೆದು ನೋಡುತ್ತಾ ಕೂರಬೇಡಿ. ಮೊದಲು ಎಲ್ಲವನ್ನೂ ನಕಲು ಮಾಡಿಕೊಳ್ಳಿ. ಎರಡನೆಯ ಸಲ ಅದು ಓದುತ್ತದೆಂಬ ಖಾತ್ರಿ ಇಲ್ಲ. ನಕಲನ್ನು ಎರಡು ಜಾಗದಲ್ಲಿಡಿ, ಬರಹವಾದರೆ ಯುನಿಕೋಡ್‌ಗೆ ಬದಲಿಸಿ, ಮುಖ್ಯವಾದದ್ದನ್ನು ಕಾಗದದ ಮೇಲೂ ಅಚ್ಚು ಹಾಕಿಸಿ.

ನಾವು ಸಂಚಿಕೆಯ ಹತ್ತು ಪ್ರತಿ ತೆಗೆಸಿದೆವು. ಒಂದು ಶಾಲೆಗೆ, ಒಂದು ಪಂಚಾಯಿತಿ ಗ್ರಂಥಾಲಯಕ್ಕೆ, ಒಂದು ಆ ಡಿಟಿಪಿ ಯಜಮಾನರಿಗೆ. ಅವರು ಪುಟ ತಿರುಗಿಸುತ್ತಾ, "ಅಯ್ಯೋ, ಅವತ್ತಿನ ಕಾಗುಣಿತದ ತಪ್ಪೂ ಹಂಗೇ ಉಳ್ಕೊಂಡೈತಲ್ಲಪ್ಪ" ಎಂದು ನಕ್ಕರು. ನೀಲಿ ಪೆಟ್ಟಿಗೆ ಈಗ ನಮ್ಮ ಮನೆ ಕಪಾಟಿನಲ್ಲಿದೆ. ಸುತ್ತಲಿನ ಊರಲ್ಲಿ ಯಾರ ಬಳಿಯಾದರೂ ಜಿಪ್ ಡಿಸ್ಕು ಇದ್ದರೆ ತನ್ನಿ, ಅದಿನ್ನೂ ಓದುತ್ತಿರುವಾಗಲೇ ನೋಡಿಬಿಡೋಣ.